ತೆರೆದ ಬಾಗಿಲಿನ ಪ್ರಾರ್ಥನೆ: ಪಂಡಿತಾ ರಮಾಬಾಯಿಯವರ ಬಾಳು

ಪುಣೆಯಿಂದ ಸೊಲ್ಲಾಪುರ, ಕಲಬುರಗಿಗಳ ಮಾರ್ಗವಾಗಿ ರೈಲಿನಲ್ಲಿ ಊರಿಗೆ ಹೋಗಿಬರುವ ನಮ್ಮವರಿಗೆ ಕೇಡಗಾಂವ್ ಎಂಬ ನಿಲ್ದಾಣದ ಹೆಸರು ಅಪರಿಚಿತವಲ್ಲ. ದೌಂಡ್ ಜಂಕ್ಷನ್ನಿಗಿಂತ ಮೊದಲು ಬರುವ ಈ ಸಣ್ಣ ಊರನ್ನು ಬಹುಮಂದಿ ಕಿಟಕಿಯಿಂದ ಒಮ್ಮೆ ನೋಡಿ ಮರೆತುಬಿಡುತ್ತಾರೆ. ಆದರೆ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿ, ಭರತಖಂಡವನ್ನು ಕಾಲ್ನಡೆಯಿಂದ ಸುತ್ತಿ, ಕಲ್ಕತ್ತೆಯ ವಿದ್ವಾಂಸರಿಂದ ಸರಸ್ವತಿಯೆಂಬ ಬಿರುದನ್ನು ಪಡೆದು, ಕೊನೆಗೆ ಕ್ರಿಸ್ತಭಕ್ತೆಯಾಗಿ ನೂರಾರು ಅನಾಥ ಸ್ತ್ರೀಯರಿಗೆ ತಾಯಿಯಾದ ಪಂಡಿತಾ ರಮಾಬಾಯಿಯವರು ಬಾಳಿದ ಸ್ಥಳ ಅದೇ. ಅವರ ವಿದ್ವತ್ತನ್ನು ಹೊಗಳಿದವರು ಅನೇಕರು. ಅವರ ಮತಾಂತರವನ್ನು ಹಳಿದವರೂ ಅನೇಕರು. ತಾವು ನಂಬಿದ ಧರ್ಮವನ್ನು ಮುಚ್ಚಿಡದೆ, ಇನ್ನೊಬ್ಬರ ಮೇಲೆ ಹೇರದೆ, ದಿನದಿನದ ಕೆಲಸದಲ್ಲಿ ಬಾಳುವುದು ಹೇಗೆಂಬ ಕಠಿನ ಪ್ರಶ್ನೆಯನ್ನು ಅವರು ಎದುರಿಸಿದ ಬಗೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಗಂಗಾಮೂಲದ ಆಶ್ರಮ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಮಂಗಳೂರು ಸೀಮೆಯವರು. ವಿದ್ಯಾರ್ಥಿಯಾಗಿ ಪುಣೆಯಲ್ಲಿದ್ದಾಗ ಅವರ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಣ್ಣೊಬ್ಬಳು ಶುದ್ಧವಾಗಿ ಶ್ಲೋಕ ಹೇಳುವುದನ್ನು ಕೇಳಿದ ಆ ತರುಣನಿಗೆ ತನ್ನ ಹೆಂಡತಿಗೂ ವಿದ್ಯೆ ಕಲಿಸಬೇಕೆಂಬ ಹಂಬಲ ಹುಟ್ಟಿತು. ಮೊದಲ ಪತ್ನಿಯ ಕಾಲದಲ್ಲಿ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ ಯಾತ್ರೆಯಲ್ಲಿ ಗೋದಾವರಿಯ ತೀರದಲ್ಲಿ ಸಂಧಿಸಿದ ಬ್ರಾಹ್ಮಣರೊಬ್ಬರ ಮಗಳಾದ ಲಕ್ಷ್ಮಿಯನ್ನು ಮದುವೆಯಾಗಿ, ಆ ಬಾಲಿಕೆಗೆ ತಾವೇ ಸಂಸ್ಕೃತಪಾಠ ಹೇಳಲಾರಂಭಿಸಿದರು.

ಊರವರು ಸುಮ್ಮನಿರಲಿಲ್ಲ. ಹೆಂಗಸಿಗೆ ದೇವಭಾಷೆ ಕಲಿಸುವುದು ಧರ್ಮವಿರುದ್ಧವೆಂಬ ಆಕ್ಷೇಪಣೆ ಎದ್ದಿತು. ಅನಂತಶಾಸ್ತ್ರಿಗಳು ಉಡುಪಿಯಲ್ಲಿ ಧರ್ಮಾಧಿಕಾರಿಗಳೂ ಪಂಡಿತರೂ ಸೇರಿದ್ದ ಸಭೆಯ ಮುಂದೆ ನಿಂತು ಸಮಾಧಾನ ಹೇಳಬೇಕಾಯಿತು. ಅವರು ತಲೆ ತಗ್ಗಿಸಲಿಲ್ಲ, ಜಗಳಕ್ಕೂ ಇಳಿಯಲಿಲ್ಲ. ವೇದವೊಂದನ್ನು ಬಿಟ್ಟು ಉಳಿದ ಸಂಸ್ಕೃತ ಸಾಹಿತ್ಯವನ್ನು ಸ್ತ್ರೀಯರು ಕಲಿಯಬಹುದೆಂಬುದಕ್ಕೆ ಪುರಾಣೇತಿಹಾಸಗಳಿಂದ ಆಧಾರಗಳನ್ನು ಎತ್ತಿ ತೋರಿಸಿದರು. ಬಹಿಷ್ಕಾರದಿಂದ ಪಾರಾದರು. ಆದರೂ ಊರಿನ ಗೊಡವೆ ಬೇಡವೆಂದು ಘಟ್ಟದ ಮೇಲೆ ಮೈಸೂರಿನ ಗಡಿಯಲ್ಲಿದ್ದ ಗಂಗಾಮೂಲದ ದಟ್ಟ ಕಾಡಿನಲ್ಲಿ ಮನೆ ಕಟ್ಟಿದರು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ಪುಣ್ಯಸ್ಥಳದಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿಯವರು ಹುಟ್ಟಿದರು. ತಾನು ಸರಿಯೆಂದು ನಂಬಿದ್ದನ್ನು ಸಭೆಯ ಮುಂದೆ ನಿಂತು ಹೇಳುವ ಗುಣ ಮಗಳಿಗೆ ತಂದೆಯಿಂದಲೇ ಬಂದಿತೆಂದರೆ ತಪ್ಪಾಗದು.

ಆಶ್ರಮಕ್ಕೆ ಬಂದ ಅತಿಥಿಗಳಿಗೂ ವಿದ್ಯಾರ್ಥಿಗಳಿಗೂ ಅನ್ನವಿಕ್ಕಿ ಶಾಸ್ತ್ರಿಗಳ ಆಸ್ತಿ ಕರಗಿತು. ಮಗುವಿಗೆ ಆರು ತಿಂಗಳಾದಾಗ ಸಂಸಾರವು ಕಾಡನ್ನು ಬಿಟ್ಟು ಹೊರಟಿತು. ಬೆತ್ತದ ಪೆಟ್ಟಿಗೆಯೊಂದರಲ್ಲಿ ಮಗುವನ್ನು ಮಲಗಿಸಿ ಬೆಟ್ಟದಿಂದ ಕೆಳಕ್ಕೆ ತಂದರಂತೆ. ಅಲ್ಲಿಂದ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಾಲಯಗಳಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು. ತಾಯಿಯು ನಸುಕಿನಲ್ಲಿ ಮಗಳನ್ನು ಎಬ್ಬಿಸಿ ತೊಡೆಯ ಬಳಿ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಮನೆಮಾತಾದ ಮರಾಠಿಯ ಜೊತೆಗೆ ಕನ್ನಡ, ಹಿಂದೂಸ್ತಾನಿ, ಬಂಗಾಳಿಗಳನ್ನು ಹುಡುಗಿಯು ದಾರಿ ನಡೆಯುತ್ತಲೇ ಕಲಿತಳು.

ಕ್ಷಾಮದ ಪಾಠ

1870ರ ದಶಕದಲ್ಲಿ ದಕ್ಷಿಣದಲ್ಲಿ ಕ್ಷಾಮ ಬಂದಾಗ ಪುರಾಣ ಕೇಳುವವರೂ ಇಲ್ಲವಾದರು, ದಕ್ಷಿಣೆ ಕೊಡುವವರೂ ಇಲ್ಲವಾದರು. ಶಾಸ್ತ್ರಿಗಳ ಸಂಸಾರದ ನಿಜವಾದ ಸಂಕಟ ಆಗ ತಿಳಿಯಿತು. ಕೈಕೆಲಸ ಯಾರಿಗೂ ಬಾರದು. ಕೂಲಿ ಮಾಡುವುದಕ್ಕೆ ಕುಲದ ಅಭಿಮಾನ ಅಡ್ಡ; ಬೇಡುವುದಕ್ಕೆ ವಿದ್ವತ್ತಿನ ಅಭಿಮಾನ ಅಡ್ಡ. ಪಾತ್ರೆ, ಒಡವೆಗಳನ್ನೆಲ್ಲಾ ಮಾರಿ, ಎಲೆ ಸೊಪ್ಪುಗಳನ್ನು ತಿಂದು ಕೆಲಕಾಲ ಜೀವ ಹಿಡಿದರು. ತಂದೆ ತೀರಿಕೊಂಡರು; ಹಿಂದೆಯೇ ತಾಯಿ; ಅನಂತರ ಅಕ್ಕ. ತಾಯಿಯ ಚಟ್ಟವನ್ನು ಹೊರಲು ನಾಲ್ವರು ಸಿಕ್ಕಲಿಲ್ಲ. ಬಂದ ಇಬ್ಬರು ಬ್ರಾಹ್ಮಣರೊಡನೆ ಅಣ್ಣ ಶ್ರೀನಿವಾಸನೂ ತಂಗಿ ರಮೆಯೂ ಹೆಗಲು ಕೊಡಬೇಕಾಯಿತು. ಎತ್ತರ ಸಾಲದ ರಮೆಯು ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊತ್ತು ನಡೆದಳು.

ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ರಮಾಬಾಯಿಯವರು ತಮ್ಮ ಆಶ್ರಯಕ್ಕೆ ಬಂದ ಪ್ರತಿಯೊಬ್ಬ ಹೆಣ್ಣಿಗೂ ಅಕ್ಷರದ ಜೊತೆಗೆ ಒಂದು ಕೈಕಸುಬು ಬರಲೇಬೇಕೆಂದು ಹಟ ಹಿಡಿದದ್ದಕ್ಕೆ ಬೇರು ಇಲ್ಲಿದೆ. ಶ್ಲೋಕ ಬಲ್ಲ ಮನೆಯೊಂದು ದುಡಿಯಲರಿಯದೆ ಹಸಿವಿನಿಂದ ಸತ್ತದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಒಲೆಯ ಮುಂದೆ ಬೆವರು ಸುರಿಸಿ, ಮೇಜು ಒರೆಸಿ, ಲೆಕ್ಕ ಬರೆದು ಊರಿಗೆ ಮನಿಯಾರ್ಡರ್ ಕಳುಹಿಸಿ ಮನೆಯನ್ನು ನಿಲ್ಲಿಸಿದವರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಅಣ್ಣತಂಗಿಯರು ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ಸೇರಿದರು. ಇಪ್ಪತ್ತು ವರ್ಷದ ಅವಿವಾಹಿತ ತರುಣಿಯು ನಿರರ್ಗಳವಾಗಿ ಸಂಸ್ಕೃತದಲ್ಲಿ ಮಾತನಾಡುವುದನ್ನು ಕಂಡು ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಅವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ವರಿಸಿದರು. ವರನು ಬ್ರಾಹ್ಮಣನಲ್ಲ, ಮದುವೆಯೂ ಕಾಯಿದೆಯ ಪ್ರಕಾರ ನೋಂದಣಿಯಾದದ್ದು. ಎರಡು ಕಡೆಯ ಬಂಧುಗಳೂ ದೂರವಾದರು. ಮಗಳು ಮನೋರಮೆ 1881ರಲ್ಲಿ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬೇನೆ ಪತಿಯನ್ನು ಒಯ್ದಿತು. ಇಪ್ಪತ್ತನಾಲ್ಕು ತುಂಬುವ ಮೊದಲೇ ರಮಾಬಾಯಿ ವಿಧವೆ.

ಇಂಗ್ಲೆಂಡಿನಲ್ಲಿ

ಕೂಸನ್ನೆತ್ತಿಕೊಂಡು ಅವರು ಪುಣೆಗೆ ಬಂದರು. ಅಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1882ರ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಅಧ್ಯಾಪಕಿಯರೂ ವೈದ್ಯೆಯರೂ ಬೇಕೆಂದು ಒತ್ತಿ ಹೇಳಿದರು. ತಾವು ಬರೆದ ಸ್ತ್ರೀಧರ್ಮನೀತಿ ಎಂಬ ಪುಸ್ತಕದ ಮಾರಾಟದಿಂದ ಬಂದ ಹಣದಲ್ಲಿ, ವೈದ್ಯವಿದ್ಯೆ ಕಲಿಯಬೇಕೆಂಬ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾದ ಕಾರಣ ವೈದ್ಯೆಯಾಗುವ ಆಸೆ ಈಡೇರಲಿಲ್ಲ.

ಬಂಗಾಳದಲ್ಲಿದ್ದಾಗಲೇ ಪತಿಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿತ್ತು. ಆದರೆ ಮನಸ್ಸನ್ನು ತಿರುಗಿಸಿದ್ದು ಕೇವಲ ಓದಲ್ಲ. ಲಂಡನ್ನಿನಲ್ಲಿ ಕ್ರೈಸ್ತ ಸೋದರಿಯರು ದಾರಿತಪ್ಪಿದ ಹೆಂಗಸರಿಗಾಗಿ ನಡೆಸುತ್ತಿದ್ದ ಮನೆಯೊಂದನ್ನು ಅವರು ನೋಡಿದರು. ಸಮಾಜವು ಹೊರಗೆ ನೂಕಿದವರನ್ನು ಅಲ್ಲಿ ರೋಗಿಗಳಂತೆ, ಮಕ್ಕಳಂತೆ ಆದರಿಸುತ್ತಿದ್ದರು. ಇದು ಎಲ್ಲಿಂದ ಬಂತೆಂದು ವಿಚಾರಿಸಿದಾಗ, ಬಾವಿಯ ದಡದಲ್ಲಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಕಥೆಯನ್ನು ಸೋದರಿಯೊಬ್ಬರು ಓದಿ ಹೇಳಿದರು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಪುಣೆಯಲ್ಲಿ ಕೋಲಾಹಲವೆದ್ದಿತು. ವಿಚಿತ್ರವೆಂದರೆ ಇಂಗ್ಲೆಂಡಿನಲ್ಲಿಯೂ ಅವರು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಶಿಲುಬೆಯ ಪದಕದ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತವೇಕಾಗಬಾರದು ಎಂದು ಕೇಳಿದರು. ಸಸ್ಯಾಹಾರವನ್ನು ಬಿಡಲಿಲ್ಲ, ಬಿಳಿ ಸೀರೆಯನ್ನೂ ಬಿಡಲಿಲ್ಲ. ಮಠದ ಹಿರಿಯರು ಹೇಳಿದ್ದನ್ನೆಲ್ಲ ಪ್ರಶ್ನಿಸದೆ ಒಪ್ಪುವುದು ಸಾಧ್ಯವಿಲ್ಲವೆಂದು ಪತ್ರಮುಖೇನ ವಾದ ಹೂಡಿದರು. ಕ್ರಿಸ್ತನನ್ನು ಒಪ್ಪಿದ್ದರೇ ಹೊರತು ಆಂಗ್ಲರ ಊಟ, ಉಡುಪು, ಆಜ್ಞೆಗಳನ್ನು ಒಪ್ಪಿರಲಿಲ್ಲ. ಮತ ಬದಲಾದರೆ ನಾಡೂ ಬದಲಾಗುವುದೆಂದು ತಿಳಿದಿದ್ದ ಎರಡು ಪಕ್ಷದವರಿಗೂ ಅವರ ನಡತೆಯೇ ಉತ್ತರವಾಗಿತ್ತು.

ಬಾಗಿಲಿನ ಪ್ರಶ್ನೆ

1886ರಲ್ಲಿ ಆನಂದಿಬಾಯಿ ಜೋಶಿಯವರ ವೈದ್ಯ ಪದವಿ ಪ್ರದಾನವನ್ನು ನೋಡಲು ರಮಾಬಾಯಿಯವರು ಅಮೆರಿಕಕ್ಕೆ ಹೋದರು. ಮೇಲುಜಾತಿಯ ಹಿಂದೂ ಹೆಣ್ಣಿನ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1887ರಲ್ಲಿ ಹೊರಬಂದಿತು. ಅದೇ ವರ್ಷ ಬಾಸ್ಟನ್ ನಗರದಲ್ಲಿ ಅವರ ಹೆಸರಿನ ಸಂಘವೊಂದು ಏರ್ಪಟ್ಟು, ವಿಧವೆಯರ ಶಾಲೆಗೆ ಹತ್ತು ವರ್ಷ ಧನಸಹಾಯ ಮಾಡಲು ಒಪ್ಪಿತು. ಶಾಲೆಯಲ್ಲಿ ಯಾವ ಮತವನ್ನೂ ಬೋಧಿಸಬಾರದು, ಯಾರ ಆಚಾರಕ್ಕೂ ಅಡ್ಡಿ ಬರಬಾರದು ಎಂಬುದು ಷರತ್ತು. ರಮಾಬಾಯಿಯವರು ಮನಃಪೂರ್ವಕ ಒಪ್ಪಿದರು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಹೋಯಿತು.

ಸದನದಲ್ಲಿ ಬ್ರಾಹ್ಮಣ ವಿಧವೆಯರು ತಮ್ಮ ಮಡಿಯನ್ನು ತಾವು ನಡೆಸಿಕೊಳ್ಳಬಹುದಾಗಿತ್ತು. ಅಡುಗೆಮನೆಯು ಅವರ ಆಚಾರದಂತೆಯೇ ನಡೆಯುತ್ತಿತ್ತು. ಪೂಜೆಗೆ ತಡೆಯಿರಲಿಲ್ಲ. ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ಗೋದೂಬಾಯಿ ಎಂಬ ತರುಣ ವಿಧವೆ ಅಲ್ಲಿ ವರ್ಷಗಟ್ಟಲೆ ಇದ್ದು, ಹಿಂದುವಾಗಿಯೇ ಉಳಿದು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾದರು. ಆ ಕರ್ವೆಯವರೇ ಮುಂದೆ ವಿಧವಾಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದವರು.

ಆದರೆ ರಮಾಬಾಯಿಯವರು ಸ್ವತಃ ಕ್ರೈಸ್ತರು. ದಿನವೂ ಬೆಳಗ್ಗೆ ತಮ್ಮ ಕೊಠಡಿಯಲ್ಲಿ ಮಗಳೊಡನೆ ಕುಳಿತು ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು. ಕೊಠಡಿಯ ಬಾಗಿಲು ತೆರೆದೇ ಇರುತ್ತಿತ್ತು. ತಾಯಿಯೆಂದು ನಂಬಿದ ಹುಡುಗಿಯರಲ್ಲಿ ಕೆಲವರು ಒಳಗೆ ಬಂದು ಕುಳಿತುಕೊಳ್ಳಲಾರಂಭಿಸಿದರು. ರಮಾಬಾಯಿಯವರು ಕರೆಯಲಿಲ್ಲ, ಹೊರಡೆಂದೂ ಹೇಳಲಿಲ್ಲ.

ವಿವಾದ ಹುಟ್ಟಿದ್ದು ಇಲ್ಲಿಂದ. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. ಮಹಾದೇವ ಗೋವಿಂದ ರಾನಡೆ, ರಾಮಕೃಷ್ಣ ಗೋಪಾಲ ಭಾಂಡಾರಕರ್ ಅವರಂಥ ಸುಧಾರಕರು ಸದನದ ಸಲಹಾಮಂಡಲಿಯಲ್ಲಿದ್ದರು. ರಮಾಬಾಯಿಯವರ ಕಷ್ಟದಲ್ಲಿ ಜೊತೆ ನಿಂತವರು ಅವರು. ಅವರಿಗೂ ಇದು ಸರಿಕಾಣಲಿಲ್ಲ. ಅವರ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಲಾಗದು. ಆ ಹುಡುಗಿಯರು ಎಳೆಯರು. ಅನ್ನ, ಬಟ್ಟೆ, ವಿದ್ಯೆ ಎಲ್ಲಕ್ಕೂ ಒಬ್ಬರನ್ನೇ ನೆಚ್ಚಿದವರು. ಅನ್ನವಿಕ್ಕುವ ಕೈಯ ಪ್ರೀತಿಯೇ ಒಂದು ಸೆಳೆತವಲ್ಲವೆ? ಬಾಯಿಂದ ಬೋಧಿಸದಿದ್ದರೂ ಮನಸ್ಸು ತಿರುಗಬಹುದಲ್ಲವೆ? ಮಕ್ಕಳನ್ನು ನಂಬಿ ಕಳುಹಿಸಿದ ತಂದೆತಾಯಿಗಳಿಗೆ ಏನೆಂದು ಹೇಳುವುದು?

ರಮಾಬಾಯಿಯವರ ಪಕ್ಷವೂ ಗಟ್ಟಿಯಾಗಿತ್ತು. ಮತವನ್ನು ಬೋಧಿಸಬಾರದೆಂಬ ಮಾತಿಗೆ ಅವರು ಬದ್ಧರು. ಆದರೆ ತಮ್ಮ ಮನೆಯಲ್ಲಿ ತಮ್ಮ ದೇವರನ್ನು ಕದ್ದು ಪ್ರಾರ್ಥಿಸಬೇಕೆಂಬ ಕರಾರಿಗೆ ಅವರು ಸಹಿ ಹಾಕಿರಲಿಲ್ಲ. ಹಿಂದೂ ಹುಡುಗಿಯರು ತುಲಸಿಗೆ ನೀರೆರೆಯುವುದನ್ನು ತಾವು ತಡೆಯದಿರುವಾಗ, ಒಬ್ಬಳು ತಾನಾಗಿ ಬಂದು ತಮ್ಮ ಪಕ್ಕದಲ್ಲಿ ಕುಳಿತರೆ ಅವಳನ್ನು ಮಾತ್ರ ಏಕೆ ತಡೆಯಬೇಕು? ಬಾಗಿಲು ಮುಚ್ಚಿದರೆ ತಮ್ಮ ನಂಬಿಕೆ ನಾಚಿಕೆಪಡಬೇಕಾದ ವಸ್ತುವೆಂದು ತಾವೇ ಒಪ್ಪಿದಂತಾಗುವುದಿಲ್ಲವೆ?

1893ರಲ್ಲಿ ರಾನಡೆ, ಭಾಂಡಾರಕರರೇ ಮೊದಲಾದವರು ಸಲಹಾಮಂಡಲಿಯನ್ನು ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಂದು ಕರೆದೊಯ್ದರು. ಅವರಲ್ಲಿ ಹಲವರು ಹೋದದ್ದು ಮತ್ತೆ ಅದೇ ಕತ್ತಲೆಯ ಅಡುಗೆಮನೆಗಳಿಗೆಂಬುದನ್ನು ನೆನೆದರೆ, ಈ ವಾದದ ಬೆಲೆ ತೆತ್ತವರು ಯಾರೆಂಬುದು ತಿಳಿಯುತ್ತದೆ. ಬಾಗಿಲನ್ನು ಮುಚ್ಚಿದ್ದರೆ ಅವರು ಉಳಿಯುತ್ತಿದ್ದರೋ ಏನೋ. ರಮಾಬಾಯಿಯವರು ಇದನ್ನು ಅರಿಯದವರಲ್ಲ, ಆದರೂ ಮುಚ್ಚಲಿಲ್ಲ. ಮುಂದಿನ ವರ್ಷಗಳಲ್ಲಿ ಸದನದ ಕೆಲವು ಹುಡುಗಿಯರು ಕ್ರೈಸ್ತರಾದದ್ದೂ ನಿಜ. ಯಾರ ಪಕ್ಷ ಸರಿಯೆಂಬುದನ್ನು ವಾಚಕರೇ ತೂಗಿ ನೋಡಬೇಕು. ಒಂದು ಮಾತನ್ನು ಮಾತ್ರ ಎರಡು ಪಕ್ಷದವರೂ ಒಪ್ಪಬೇಕಾದೀತು: ರಮಾಬಾಯಿಯವರು ಯಾರಿಗೂ ತಮ್ಮನ್ನು ಬೇರೆಯಾಗಿ ತೋರಿಸಿಕೊಳ್ಳಲಿಲ್ಲ. ಅವರು ಏನೆಂಬುದು ದಾರಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು.

ಮುಕ್ತಿ

ಹತ್ತು ವರ್ಷದ ಸಹಾಯ ಮುಗಿದ ಮೇಲೆ ಜೀವನಕ್ಕೆ ಆಧಾರವಿರಲೆಂದು ಕೇಡಗಾಂವಿನಲ್ಲಿ ಸುಮಾರು 100 ಎಕರೆ ಬಂಜರು ಭೂಮಿಯನ್ನು ಕೊಂಡು ಬಾವಿ ತೋಡಿಸಿ ತೋಟ ಹಾಕಿಸಿದ್ದರು. 1896–97ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಿತ್ತು. ಅಪ್ಪ ಅಮ್ಮ ಹಸಿದು ಸತ್ತದ್ದು ಕಣ್ಣಮುಂದೆ ನಿಂತಿತು. ರಮಾಬಾಯಿಯವರು ತಾವೇ ಅಲ್ಲಿಗೆ ಹೋಗಿ, ಅನಾಥ ಬಾಲಿಕೆಯರನ್ನೂ ವಿಧವೆಯರನ್ನೂ ಗುಂಪು ಗುಂಪಾಗಿ ಕರೆತಂದರು. ಪುಣೆಯಲ್ಲಿ ಪ್ಲೇಗ್ ಇದ್ದುದರಿಂದ ಅಧಿಕಾರಿಗಳು ಅವರನ್ನು ಊರೊಳಗೆ ಇರಿಸಲು ಬಿಡಲಿಲ್ಲ. ಎಲ್ಲರೂ ಕೇಡಗಾಂವಿನ ಬಯಲಿಗೆ ಹೋದರು. ಡೇರೆ, ಗುಡಿಸಲುಗಳಲ್ಲಿ ವಾಸವಾಯಿತು. ಆ ನೆಲೆಗೆ ಮುಕ್ತಿ ಎಂದು ಹೆಸರಾಯಿತು.

ಪ್ಲೇಗಿನ ಕಾಲದಲ್ಲಿ ಸರಕಾರದ ಆಸ್ಪತ್ರೆಗಳಲ್ಲಿ ಹೆಂಗಸರಿಗೆ ಆಗುತ್ತಿದ್ದ ಅನ್ಯಾಯವನ್ನು ಕುರಿತು ಅವರು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದು ಮುಂಬಯಿ ಸರಕಾರದ ಅಸಮಾಧಾನಕ್ಕೆ ಗುರಿಯಾದರು. ಆಳುವವರೂ ತಾವೂ ಒಂದೇ ಮತದವರೆಂಬ ದಾಕ್ಷಿಣ್ಯ ಅವರಿಗೆ ಇರಲಿಲ್ಲ.

1900ರ ಗುಜರಾತಿನ ಕ್ಷಾಮದ ಹೊತ್ತಿಗೆ ಮುಕ್ತಿಯಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅಷ್ಟು ಮಂದಿಗೆ ದಿನವೂ ಎರಡು ಹೊತ್ತು ಬೇಯಿಸಿ ಹಾಕುವುದೆಂದರೆ ಏನೆಂಬುದನ್ನು ಹೋಟೆಲಿನ ಅಡುಗೆಮನೆ ಬಲ್ಲ ನಮ್ಮ ವಾಚಕರು ಚೆನ್ನಾಗಿ ಅರಿತಿದ್ದಾರೆ. ಬೀಸುವವರು, ರೊಟ್ಟಿ ತಟ್ಟುವವರು, ನೀರು ಸೇದುವವರು, ಪಾತ್ರೆ ತೊಳೆಯುವವರು ಎಲ್ಲರೂ ಅಲ್ಲಿನ ಹೆಂಗಸರೇ. ಹಸು ಸಾಕಣೆ, ಎಣ್ಣೆಯ ಗಾಣ, ಮಗ್ಗ, ಹೊಲಿಗೆ, ಬೇಸಾಯ, ಅಚ್ಚುಕೂಟ ಒಂದೊಂದೂ ಒಂದು ಪಾಠಶಾಲೆಯಾಯಿತು. ಕುರುಡರಿಗೆ ಬೆರಳಿನಿಂದ ಓದುವ ವಿದ್ಯೆಯನ್ನು ಮನೋರಮೆ ಕಲಿಸಿದರು. ಲಂಡನ್ನಿನಲ್ಲಿ ಕಂಡ ಮನೆಯ ನೆನಪಿಗೆ ಎಂಬಂತೆ, ಮೋಸಹೋದ ಹೆಂಗಸರಿಗಾಗಿ ಕೃಪಾ ಸದನವೆಂಬ ಬೇರೆ ಮನೆ ಕಟ್ಟಿಸಿದರು.

ಮುಕ್ತಿಯನ್ನು ರಮಾಬಾಯಿಯವರು ಮೊದಲಿನಿಂದಲೇ ಕ್ರೈಸ್ತ ಸಂಸ್ಥೆಯೆಂದು ಸಾರಿದರು. ಇಲ್ಲಿ ಯಾರಿಗೂ ಸಂಶಯಕ್ಕೆ ಎಡೆಯಿರಲಿಲ್ಲ. ಅಲ್ಲಿನ ದಿನ ಪ್ರಾರ್ಥನೆಯಿಂದ ಮೊದಲಾಗಿ ಪ್ರಾರ್ಥನೆಯಿಂದ ಮುಗಿಯುತ್ತಿತ್ತು. ನಡುವೆ ಇದ್ದದ್ದೆಲ್ಲ ದುಡಿಮೆ. ಕನ್ನಡನಾಡಿನ ಋಣವನ್ನೂ ಅವರು ಮರೆಯಲಿಲ್ಲವೆನ್ನಬೇಕು: 1912ರಲ್ಲಿ ಆಗ ನಿಜಾಮನ ಆಳಿಕೆಯಲ್ಲಿದ್ದ ಗುಲಬರ್ಗೆಯಲ್ಲಿ ಶಾಲೆಯೊಂದನ್ನು ತೆರೆದು ಅದರ ಹೊಣೆಯನ್ನು ಮಗಳಿಗೆ ವಹಿಸಿದರು.

ಕೊನೆಯ ಕೆಲಸ

ಅವರ ಬಾಳಿನ ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷಗಳು ಒಂದೇ ಕೆಲಸಕ್ಕೆ ಮೀಸಲಾದವು. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲ್ಲಿನ ಸಂಸ್ಕೃತಮಯ ಭಾಷೆ ಹಳ್ಳಿಯ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ರಮಾಬಾಯಿಯವರು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಸರಳವಾದ ಮರಾಠಿಗೆ ಅನುವಾದಿಸತೊಡಗಿದರು. ಸಂಸ್ಕೃತ ಪಾಂಡಿತ್ಯಕ್ಕಾಗಿ ಕಲ್ಕತ್ತೆಯಲ್ಲಿ ಬಿರುದು ಪಡೆದವರು ಬೀಸುವ ಕಲ್ಲಿನ ಮುಂದೆ ಕುಳಿತವಳ ಮಾತಿಗಾಗಿ ಹುಡುಕಾಡಿದರು. ಅಕ್ಷರದ ಮೊಳೆಗಳನ್ನು ಜೋಡಿಸಿದವರೂ ಅಚ್ಚು ಒತ್ತಿದವರೂ ಮುಕ್ತಿಯ ಹೆಂಗಸರೇ. ಅವರಲ್ಲಿ ಕ್ಷಾಮದಲ್ಲಿ ಬೀದಿಯಿಂದ ಬಂದು ಅಲ್ಲಿಯೇ ಅಕ್ಷರ ಕಲಿತವರಿದ್ದರು.

1919ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತು ಗೌರವಿಸಿತು. 1921ರ ಜುಲೈಯಲ್ಲಿ ಒಬ್ಬಳೇ ಮಗಳಾದ, ತಮ್ಮ ಅನಂತರ ಸಂಸ್ಥೆಯ ಭಾರ ಹೊರಬೇಕಾಗಿದ್ದ ಮನೋರಮೆ ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳೆದುಕೊಂಡಿದ್ದ ಆ ಜೀವಕ್ಕೆ ಇದು ಕೊನೆಯ ಪೆಟ್ಟು. ಆದರೂ ಕೆಲಸ ನಿಲ್ಲಲಿಲ್ಲ. ಅನುವಾದದ ಕರಡು ತಿದ್ದುವುದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಮುಕ್ತಿಯಲ್ಲಿಯೇ ಅವರು ಕಣ್ಮುಚ್ಚಿದರು. ಪೂರ್ಣ ಗ್ರಂಥ 1924ರಲ್ಲಿ ಹೊರಬಂದಿತು. ಮುಕ್ತಿಯ ಸೇವೆ ಅವರ ಅನಂತರವೂ ಮುಂದುವರಿದಿದೆ. 1989ರಲ್ಲಿ ಭಾರತ ಸರಕಾರವು ಅವರ ಅಂಚೆಚೀಟಿಯನ್ನು ಹೊರಡಿಸಿತು.

ಊರು ಬಿಟ್ಟು ಬಂದ ನಾವು ನಗರಗಳಲ್ಲಿ ಒಂದೇ ಖೋಲಿಯಲ್ಲಿ ಎಂಟು ಹತ್ತು ಜನ ಬಾಳಿದವರು. ಒಬ್ಬನು ಗೋಡೆಗೆ ಕೃಷ್ಣನ ಪಟ ತೂಗುಹಾಕುತ್ತಾನೆ. ಇನ್ನೊಬ್ಬನು ಇಷ್ಟಲಿಂಗ ಹಿಡಿದು ಕೂರುತ್ತಾನೆ. ಮತ್ತೊಬ್ಬನು ಭಾನುವಾರ ಇಗರ್ಜಿಗೆ ಹೊರಡುತ್ತಾನೆ. ಕೆಲಸ ಹೋದೀತೆಂದೋ, ಜೊತೆಗಾರರು ನಕ್ಕಾರೆಂದೋ ತನ್ನ ದೇವರನ್ನು ಟ್ರಂಕಿನೊಳಗೆ ಮುಚ್ಚಿಟ್ಟವರೂ ನಮ್ಮಲ್ಲಿದ್ದಾರೆ. ತನ್ನ ದೇವರನ್ನು ಹೇಳಿ ಹೇಳಿ ಇತರರಿಗೆ ನಿದ್ದೆಗೆಡಿಸುವವರೂ ಇದ್ದಾರೆ. ಈ ಎರಡರ ನಡುವಣ ದಾರಿ ಸುಲಭವಲ್ಲವೆಂಬುದನ್ನು ರಮಾಬಾಯಿಯವರ ಬಾಳು ತೋರಿಸುತ್ತದೆ. ಅದರಲ್ಲಿ ಗೆಳೆಯರು ದೂರವಾಗಬಹುದು; ಒಳ್ಳೆಯವರೇ ತಪ್ಪು ತಿಳಿಯಬಹುದು; ನಮ್ಮ ಹಟದಿಂದ ಇನ್ನೊಬ್ಬರಿಗೆ ನೋವೂ ಆಗಬಹುದು. ತನ್ನ ಕೊಠಡಿಯ ಬಾಗಿಲನ್ನು ತೆರೆದಿಟ್ಟವರು ಇನ್ನೊಬ್ಬರ ಅಡುಗೆಮನೆಯ ಮಡಿಗೂ ಕಾವಲಾಗಿದ್ದರೆಂಬುದನ್ನು ನಾವು ಜೊತೆಜೊತೆಯಾಗಿಯೇ ನೆನೆಯಬೇಕು. ಒಂದನ್ನು ಮಾತ್ರ ಕಲಿತು ಇನ್ನೊಂದನ್ನು ಬಿಟ್ಟರೆ ಅವರನ್ನು ಅರಿತಂತಾಗುವುದಿಲ್ಲ.